ದೋಣಿಯ ಕೆಳಗಿನ ಹಲಗೆ



ಇವತ್ತು ದೋಣಿಯ ವಿಷಯ ಮಾತಾಡಬೇಕೆಂದು ಬಂದಿದ್ದೇನೆ. ನೆಲದ ಮೇಲೆ, ಗಾಲಿಯ ಟ್ರೇಲರ್ ಮೇಲೆ ಕೂತಿರುವ ದೋಣಿಯ ವಿಷಯ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ದೋಣಿ ಯಾವ ಹಲಗೆಯ ಮೇಲೆ ಕೂತಿದೆಯೋ ಆ ಹಲಗೆಯ ವಿಷಯ.

ಕಾಮಸಮುದ್ರದ ಕಡೆಯವರು ಕೇಳುತ್ತಿದ್ದರೆ, ನಮ್ಮ ಸೀಮೆಗೂ ದೋಣಿಗೂ ಏನು ಸಂಬಂಧ ಎಂದುಕೊಂಡಾರು. ಆ ಪ್ರಶ್ನೆ ನ್ಯಾಯವಾದದ್ದೇ. ಕಾಮಸಮುದ್ರ ಬಂಗಾರಪೇಟೆಗೂ ಕುಪ್ಪಂಗೂ ನಡುವೆ, ರೈಲು ದಾರಿಯ ಮೇಲಿರುವ ಊರು. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಸುತ್ತ ಕುರುಚಲು ಕಾಡು, ಬಂಡೆಗುಡ್ಡ, ರಾಗಿ ಹೊಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಇರುವುದು ಕೆರೆ. ನಮ್ಮ ಹಿರಿಯರು ಕಟ್ಟಿಬಿಟ್ಟು ಹೋದ ಸಾವಿರಾರು ಕೆರೆ. ಅವುಗಳಲ್ಲಿ ಎಷ್ಟೋ ಕೆರೆಗಳ ಅಂಗಳದಲ್ಲಿ ಬಹಳ ವರ್ಷ ಜಾಲಿಗಿಡ ಬೆಳೆದಿತ್ತು, ದನ ಮೇಯುತ್ತಿತ್ತು.

ಈಗ ಸ್ಥಿತಿ ಸ್ವಲ್ಪ ಬದಲಾಗಿದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ನೀರು, ಅಂದರೆ ನಾವೆಲ್ಲ ಕೆ.ಸಿ. ವ್ಯಾಲಿ ನೀರು ಅನ್ನುವುದು, ಜಿಲ್ಲೆಯ ಕೆರೆಗಳಿಗೆ ಬರತೊಡಗಿತು. 2021ರ ನವೆಂಬರಿನಲ್ಲಿ ಮಳೆ ಸುರಿದಾಗ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಕೋಡಿ ನೋಡೋದಕ್ಕೆ ಜನ ಬುತ್ತಿ ಕಟ್ಟಿಕೊಂಡು ಹೋದರು. ಇತ್ತ ನಮ್ಮ ಬಂಗಾರಪೇಟೆ ತಾಲ್ಲೂಕಿನಲ್ಲೇ, ಮಾರ್ಕಂಡೇಯ ನದಿಗೆ ಅಡ್ಡಲಾಗಿ ಯರಗೋಳ್ ಅಣೆಕಟ್ಟು ಎದ್ದಿತು. 2023ರಲ್ಲಿ ಅದರ ಉದ್ಘಾಟನೆ ಆಯಿತು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಕುಡಿಯುವ ನೀರು ಅಲ್ಲಿಂದ. ಅತ್ತ ಬೇತಮಂಗಲದಲ್ಲಿ ಪಾಲಾರ್ ನೀರಿನ ಹಳೆಯ ದೊಡ್ಡ ಕೆರೆ. ಒಂದು ಕಾಲಕ್ಕೆ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆಲ್ಲ ನೀರು ಕುಡಿಸಿದ ಕೆರೆ.

ನೀರು ಬಂದ ಕಡೆ ಮೀನು ಬಂತು. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡುವವರು ಬಂದರು. ನೀರಿಗೆ ಬಿದ್ದವರನ್ನು ಹುಡುಕುವ ರಕ್ಷಣಾ ತಂಡದವರೂ ಬರಬೇಕಾಯಿತು. ಮೊದಲೆಲ್ಲ ಕೆರೆಯಲ್ಲಿ ಮೀನು ಹಿಡಿಯಲು ಹರಿಗೋಲು ಇತ್ತು, ತೆಪ್ಪ ಇತ್ತು. ಹರಿಗೋಲನ್ನು ಒಬ್ಬ ಮನುಷ್ಯ ತಲೆಯ ಮೇಲೆ ಬೋರಲು ಹಾಕಿಕೊಂಡು ಕಟ್ಟೆ ಇಳಿಯುತ್ತಿದ್ದ. ಈಗ ಬಂದಿರುವ ಫೈಬರ್ ದೋಣಿಯನ್ನು ಹಾಗೆ ಹೊರಲಾಗದು. 15 ಅಡಿ ಉದ್ದದ ದೋಣಿ ಸುಮಾರು 250 ಕಿಲೋ ತೂಗಬಹುದು. ಎಂಜಿನ್ ಬೇರೆ. ಹೀಗಾಗಿ ಟ್ರೇಲರ್ ಬೇಕಾಯಿತು. ಟ್ರೇಲರ್ ಎಂದ ಮೇಲೆ ಅದರ ಮೇಲೆ ದೋಣಿ ಕೂರುವ ಹಲಗೆ ಬೇಕು.

ಈಗ ಒಂದು ಲೆಕ್ಕ ಹಾಕಿ ನೋಡಿ. ನಮ್ಮಂಥ ಒಣಸೀಮೆಯಲ್ಲಿ ದೋಣಿ ನೀರಿನಲ್ಲಿರುವುದು ವಾರಕ್ಕೆ ಎಷ್ಟು ಹೊತ್ತು? ಮೀನು ಹಿಡಿಯುವ ದಿನ ನಾಲ್ಕಾರು ಗಂಟೆ. ರಕ್ಷಣೆಯ ದೋಣಿಯಾದರೆ ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ. ಉಳಿದ ಹಗಲು ರಾತ್ರಿಯೆಲ್ಲ ಅದು ಹಲಗೆಯ ಮೇಲೆ. ಮಲ್ಪೆಯ ದೋಣಿಗೆ ಕಡಲೇ ಮನೆ. ಕೋಲಾರದ ದೋಣಿಗೆ ಹಲಗೆಯೇ ಮನೆ. ದೋಣಿ ತೊಳೆಯುತ್ತೇವೆ, ಎಂಜಿನ್‌ಗೆ ಎಣ್ಣೆ ಹಾಕುತ್ತೇವೆ, ಟೈರಿಗೆ ಗಾಳಿ ಹೊಡೆಸುತ್ತೇವೆ. ಹಲಗೆಯನ್ನು ಮಾತ್ರ ಬಗ್ಗಿ ನೋಡುವವರಿಲ್ಲ. ಅದು ಮುರಿದ ದಿನವೇ ಎಲ್ಲರ ಕಣ್ಣು ಅದರ ಮೇಲೆ ಬೀಳುತ್ತದೆ. ಅಷ್ಟರಲ್ಲಿ ದೋಣಿಯ ಹೊಟ್ಟೆ ಒಡೆದಿರುತ್ತದೆ.

ಆ ಹಲಗೆ ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ಟ್ರೇಲರ್ ನೋಡದವರು ಮನಸ್ಸಿನಲ್ಲೇ ಚಿತ್ರ ಬರೆದುಕೊಳ್ಳಿ.

ಎತ್ತಿನ ಗಾಡಿಯ ಮೂಕಿಯಂತೆ ಮುಂದೆ ಚಾಚಿದ ಒಂದು ಕಬ್ಬಿಣದ ಕೊಳವೆ. ಜೀಪಿಗೋ ಟ್ರ್ಯಾಕ್ಟರಿಗೋ ಅದನ್ನು ಸಿಕ್ಕಿಸುತ್ತಾರೆ. ಹಿಂದೆ ಎರಡು ಗಾಲಿ. ನಡುವೆ ಅಡ್ಡಕ್ಕೆ ಎರಡು ಮೂರು ಕಬ್ಬಿಣದ ಪಟ್ಟಿ. ಆ ಅಡ್ಡಪಟ್ಟಿಗಳಿಗೆ ಕೂರಿಸಿದ ಕಬ್ಬಿಣದ ಆಸರೆಗಳ ಮೇಲೆ, ಎಡಕ್ಕೊಂದು ಬಲಕ್ಕೊಂದು, ಉದ್ದಕ್ಕೆ ಮಲಗಿರುವ ಎರಡು ಮರದ ಹಲಗೆ. ಕಂಪನಿಯವರು ಬಂಕ್ ಅನ್ನುವುದು ಇವಕ್ಕೇ. ಸಾಮಾನ್ಯವಾಗಿ 2 ಇಂಚು ದಪ್ಪ, 4ರಿಂದ 6 ಇಂಚು ಅಗಲ. ದೋಣಿ ಮೂತಿ ಮುಂದೆ ಮಾಡಿ ಈ ಎರಡು ಹಲಗೆಗಳ ಮೇಲೆ ಹೊಟ್ಟೆಯೂರಿ ಕೂರುತ್ತದೆ. ಹಲಗೆಯ ಮೇಲೆ ಒರಟು ನೂಲಿನ ಕಾರ್ಪೆಟ್ ಸುತ್ತಿರುತ್ತಾರೆ, ದೋಣಿಯ ಬಣ್ಣ ತರಚದಿರಲಿ ಎಂದು. ಕೆಲವು ಟ್ರೇಲರ್‌ಗಳಲ್ಲಿ ಹಲಗೆಯ ಬದಲು ರಬ್ಬರ್ ಉರುಳೆಗಳಿರುತ್ತವೆ. ಉರುಳೆಯ ಮೇಲೆ ದೋಣಿ ಸಲೀಸಾಗಿ ಜಾರುತ್ತದೆ, ನಿಜ. ಆದರೆ ಭಾರವೆಲ್ಲ ಅಲ್ಲೊಂದು ಇಲ್ಲೊಂದು ಚುಕ್ಕೆಯ ಮೇಲೆ ಬೀಳುತ್ತದೆ. ತಿಂಗಳುಗಟ್ಟಲೆ ದಡದಲ್ಲೇ ಇರುವ ದೋಣಿಗೆ ಉದ್ದನೆಯ ಹಲಗೆಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ನೀರು ದೋಣಿಯನ್ನು ಹೊರುವ ಬಗೆಯೇ ಬೇರೆ. ತಳದ ಒಂದೊಂದು ಅಂಗುಲಕ್ಕೂ ಅದು ಕೈ ಕೊಡುತ್ತದೆ. ಟ್ರೇಲರ್ ಮೇಲೆ ಆ ಕೆಲಸವನ್ನೆಲ್ಲ ಎರಡೇ ಪಟ್ಟಿ ಮಾಡಬೇಕು. ಹಲಗೆ ನೆಟ್ಟಗಿದ್ದರೆ ಭಾರ ಉದ್ದಕ್ಕೂ ಹಂಚಿಹೋಗುತ್ತದೆ. ಒಂದು ಕಡೆ ಕುಂಬಾಗಿ ತಗ್ಗಿತೋ, ಅಲ್ಲಿನ ಭಾರವನ್ನು ಪಕ್ಕದ ಜಾಗ ಹೊರಬೇಕು. ಆ ಪಕ್ಕದ ಜಾಗದಲ್ಲಿ ಬೋಲ್ಟಿನ ತಲೆಯೊಂದು ಎದ್ದಿದ್ದರೆ ಮುಗಿಯಿತು. ಫೈಬರ್ ಮೇಲೆ ನಕ್ಷತ್ರದ ಹಾಗೆ ಗೆರೆ ಒಡೆಯುತ್ತದೆ. ಗೆರೆಯಿಂದ ನೀರು ಒಳಗಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಮ್ಮ ಸೀಮೆಗೆ ದೋಣಿ ಬಂದಿದೆ. ಅದು ಹೆಚ್ಚು ಕಾಲ ಇರುವುದು ಹಲಗೆಯ ಮೇಲೆ. ಹಲಗೆ ಕೆಟ್ಟರೆ ದೋಣಿ ಕೆಡುತ್ತದೆ. ಹಾಗಾದರೆ ಹಲಗೆಯನ್ನು ಕೆಡಿಸುವುದು ಏನು?

ಕರಾವಳಿಯಲ್ಲಿ ಈ ಪ್ರಶ್ನೆ ಕೇಳಿದರೆ ಉಪ್ಪು ಅನ್ನುತ್ತಾರೆ. ನಮ್ಮಲ್ಲಿ ಉಪ್ಪಿಲ್ಲ. ನಮ್ಮಲ್ಲಿರುವುದು ಬಿಸಿಲು, ನಿಂತ ಮಳೆನೀರು, ಗೆದ್ದಲು.

ಬಿಸಿಲಿಗೆ ಹಲಗೆ ಸೀಳುತ್ತದೆ. ಮೇಲ್ಮೈ ಒಣಗಿ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ. ಆ ಎಳೆದಾಟದಲ್ಲಿ ಉದ್ದಕ್ಕೆ ಬಿರುಕು ಬೀಳುತ್ತದೆ. ಬಿರುಕು ತಾನಾಗಿ ದೊಡ್ಡ ಕೇಡಲ್ಲ. ಮುಂದಿನ ಮಳೆಯ ನೀರಿಗೆ ಅದೇ ದಾರಿಯಾಗುತ್ತದೆ ಎಂಬುದು ಕೇಡು.

ನೀರಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಮರ ಕುಂಬಾಗುವುದು ಬೂಷ್ಟಿನಿಂದ. ಮರದಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇದ್ದರೆ ಬೂಷ್ಟಿಗೆ ಅಲ್ಲಿ ಬದುಕಿಲ್ಲ. ನಮ್ಮ ಬೇಸಿಗೆಯ ಗಾಳಿಗೆ ಬಿಟ್ಟ ಮರ ಇದಕ್ಕಿಂತ ಒಣಗಿಯೇ ಇರುತ್ತದೆ. ಅಂದ ಮೇಲೆ ಕೋಲಾರದಲ್ಲಿ ಹಲಗೆ ಕುಂಬಾಗಲೇಬಾರದು. ಆದರೂ ಆಗುತ್ತದೆ. ಕಾರ್ಪೆಟ್ ಇದಕ್ಕೆ ಕಾರಣ. ಮಳೆ ನಿಂತು ನೆಲವೆಲ್ಲ ಒಣಗಿದ ಮೇಲೂ ಕಾರ್ಪೆಟ್ಟಿನ ಕೆಳಗೆ ತೇವ ಕೂತಿರುತ್ತದೆ. ಮೇಲೆ ದೋಣಿ ಒತ್ತಿಕೊಂಡಿರುತ್ತದೆ, ಗಾಳಿ ಆಡುವುದಿಲ್ಲ. ಹಳೆಯ ಕಾರ್ಪೆಟ್ಟಿನ ಒಂದು ಮೂಲೆ ಕಿತ್ತು ನೋಡಿ. ಕೆಳಗಿನ ಮರ ಕಪ್ಪಗೆ, ಒದ್ದೆಯಾಗಿ, ಮುಗ್ಗಲು ವಾಸನೆ ಹೊಡೆಯುತ್ತಿದ್ದರೆ ಸುತ್ತ ಎಷ್ಟೇ ಬಿಸಿಲಿದ್ದರೂ ಆ ಹಲಗೆಗೆ ಮಾತ್ರ ಮಳೆಗಾಲ ಮುಗಿದಿಲ್ಲ ಎಂದು ತಿಳಿಯಿರಿ.

ನೀರು ಇನ್ನೊಂದು ಕಡೆಯಿಂದಲೂ ಕಾಡುತ್ತದೆ. ದೋಣಿಯನ್ನು ತೆರೆದಂತೆ ಬಿಟ್ಟರೆ ಮಳೆನೀರು ಅದರೊಳಗೆ ತುಂಬುತ್ತದೆ. ದೋಣಿಯ ತಳ 3 ಚದರ ಮೀಟರ್ ಇದೆ ಎನ್ನಿ. ಅದರಲ್ಲಿ ಒಂದು ಗೇಣಿಗೂ ಕಡಿಮೆ, 10 ಸೆಂಟಿಮೀಟರ್ ನೀರು ನಿಂತರೂ ಸಾಕು, 300 ಕಿಲೋ ಭಾರ. ದೋಣಿಯ ತೂಕಕ್ಕಿಂತ ಹೆಚ್ಚು. ಒಂದು ರಾತ್ರಿಯ ಅಡ್ಡಮಳೆಗೆ ಹಲಗೆಯ ಮೇಲಿನ ಹೊರೆ ಎರಡರಷ್ಟಾಗಿಬಿಡುತ್ತದೆ. ಅದಕ್ಕೇ ದಡದಲ್ಲಿರುವ ದೋಣಿಯ ಹಿಂಬದಿಯಲ್ಲಿ ನೀರು ಹೋಗುವ ತೂತಿನ ಬಿರಡೆ ತೆಗೆದಿಡಬೇಕು. ಟ್ರೇಲರಿನ ಮೂಕಿಯನ್ನು ಒಂದಿಷ್ಟು ಮೇಲೆತ್ತಿ ನಿಲ್ಲಿಸಬೇಕು, ನೀರು ಹಿಂದಕ್ಕೆ ಹರಿದುಹೋಗುತ್ತದೆ. ಇಳಿಸುವ ಮುಂಚೆ ಬಿರಡೆ ಹಾಕುವುದನ್ನು ಮರೆಯದಂತೆ, ಅದನ್ನು ದಾರ ಕಟ್ಟಿ ಎಂಜಿನ್ನಿನ ಕೀಲಿಕೈಗೇ ನೇತುಹಾಕಿ.

ಮೂರನೆಯದು ಗೆದ್ದಲು. ಕೆಮ್ಮಣ್ಣಿನ ಸೀಮೆಯವರಿಗೆ ಗೆದ್ದಲಿನ ಪರಿಚಯ ಮಾಡಿಕೊಡಬೇಕಿಲ್ಲ. ಹಲಗೆ ನೆಲದಿಂದ ಎರಡು ಅಡಿ ಮೇಲಿದೆ, ಕಬ್ಬಿಣದ ಮೇಲಿದೆ, ಅಲ್ಲಿಗೆ ಗೆದ್ದಲು ಬರುವುದಿಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ. ಗೆದ್ದಲು ಕಬ್ಬಿಣ ತಿನ್ನುವುದಿಲ್ಲ, ಆದರೆ ಹತ್ತುತ್ತದೆ. ಟ್ರೇಲರಿನ ಮುಂಗಾಲು ಮಣ್ಣಿನಲ್ಲಿ ಊರಿದ್ದರೆ, ಅದರ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ಮೇಲಕ್ಕೆ ಹೋಗಿರುತ್ತದೆ. ಆ ಗೆರೆಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಬಿಳಿಯ ಹುಳು ಓಡಾಡುತ್ತಿದ್ದರೆ ಹಲಗೆಯ ಒಳಗೂ ಇವೆ ಎಂದೇ ಲೆಕ್ಕ. ನಮ್ಮಲ್ಲಿ ಚಪ್ಪಡಿ ಕಲ್ಲಿಗೆ ಬರವಿಲ್ಲ. ಗಾಲಿಗೊಂದು, ಮುಂಗಾಲಿಗೊಂದು ಚಪ್ಪಡಿ ಹಾಸಿ. ಹದಿನೈದು ದಿನಕ್ಕೊಮ್ಮೆ ಬಗ್ಗಿ ಗೆರೆ ಇದೆಯೇ ನೋಡಿ. ಹುಲ್ಲು ಬೆಳೆಯಗೊಡಬೇಡಿ. ಹಳೆಯ ಸೌದೆ, ತೆಂಗಿನ ಮಟ್ಟೆ ಟ್ರೇಲರ್ ಕೆಳಗೆ ಪೇರಿಸಿಡುವುದಂತೂ ಬೇಡವೇ ಬೇಡ.

ಬಿಸಿಲು, ನಿಂತ ನೀರು, ಗೆದ್ದಲು. ಹಲಗೆ ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಹೇಗೆ ಎಂಬುದು ಮುಂದಿನ ಮಾತು.

ಕಣ್ಣಿಗಿಂತ ಕಿವಿ ಇಲ್ಲಿ ಒಳ್ಳೆಯ ಸಾಕ್ಷಿ. ಸ್ಕ್ರೂ ಡ್ರೈವರಿನ ಹಿಡಿಯಿಂದ ಹಲಗೆಯ ಉದ್ದಕ್ಕೂ ಒಂದೊಂದು ಗೇಣಿಗೆ ಒಮ್ಮೆ ಕುಟ್ಟುತ್ತ ಹೋಗಿ. ಗಟ್ಟಿ ಮರ ಟಣ್ ಎಂದು ಓಗೊಡುತ್ತದೆ. ಕುಂಬು ಮರ ಬೊದ್ದು ದನಿ ಕೊಡುತ್ತದೆ, ಒದ್ದೆ ಗೋಡೆ ಬಡಿದಂತೆ. ದನಿ ಬದಲಾದ ಕಡೆ ಸ್ಕ್ರೂ ಡ್ರೈವರಿನ ಮೊನೆ ಒತ್ತಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ಹಲಗೆಗೆ ವಿದಾಯ ಹೇಳುವ ಕಾಲ ಬಂತು. ಎರಡು ಜಾಗ ಮರೆಯದೆ ನೋಡಬೇಕು. ಒಂದು, ಬೋಲ್ಟಿನ ತೂತಿನ ಸುತ್ತ. ಇನ್ನೊಂದು, ಹಲಗೆಯ ಎರಡು ತುದಿ. ಮರದ ಕೊಯ್ದ ತುದಿ ನೀರು ಹೀರುವಷ್ಟು ವೇಗವಾಗಿ ಅದರ ಬದಿ ಹೀರುವುದಿಲ್ಲ. ಮರ ನಿಂತಿದ್ದಾಗ ಬೇರಿನಿಂದ ಎಲೆಗೆ ನೀರು ಏರುತ್ತಿದ್ದ ಸಣ್ಣ ನಾಳಗಳೆಲ್ಲ ಅಲ್ಲಿ ಬಾಯಿ ತೆರೆದುಕೊಂಡಿರುತ್ತವೆ.

ಹಲಗೆಯ ನೇರವನ್ನೂ ನೋಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ ನೂಲು ಬಿಗಿದು ಹಿಡಿಯಿರಿ. ನಡುವೆ ಬಾಗಿದ್ದರೆ ಗೊತ್ತಾಗಿಬಿಡುತ್ತದೆ. ದೋಣಿಯ ಹಿಂಬದಿಯ ಗೋಡೆ, ಎಂಜಿನ್ ಸಿಕ್ಕಿಸುವ ಗೋಡೆ, ಹಲಗೆಯ ತುದಿಗಿಂತ ಆಚೆ ಚಾಚಿಕೊಂಡಿದೆಯೇ ಎಂದೂ ನೋಡಿ. ಭಾರವೆಲ್ಲ ಹಿಂದಿರುವ ದೋಣಿಗೆ ಹಿಂದೆಯೇ ಆಸರೆಯಿಲ್ಲದಿದ್ದರೆ, ತಳ ನಿಧಾನವಾಗಿ ಕೊಕ್ಕೆಯಂತೆ ಬಾಗುತ್ತದೆ. ಹಾಗೆ ಬಾಗಿದ ದೋಣಿ ಮುಂದೆ ನೀರಿನಲ್ಲಿ ಮೂತಿ ಊರಿಕೊಂಡು ಓಡುತ್ತದೆ. ಎಂಜಿನ್ ಮೇಲೆ ತಪ್ಪು ಹೊರಿಸುತ್ತೇವೆ. ತಪ್ಪು ಇರುವುದು ಒಂದು ಅಡಿ ಗಿಡ್ಡವಾದ ಹಲಗೆಯಲ್ಲಿ.

ಕುಟ್ಟಿ ನೋಡಿದೆವು, ಚುಚ್ಚಿ ನೋಡಿದೆವು, ನೂಲು ಹಿಡಿದೆವು. ಹಲಗೆ ಬದಲಿಸಬೇಕೆಂದು ತೀರ್ಮಾನವಾಯಿತು. ಯಾವ ಮರ ತರುವುದು?

ಅದನ್ನು ಹೇಳುವ ಮುಂಚೆ ಒಂದು ಮಾತು. ಈ ಸೀಮೆಗೆ ಮರದ ಆಸರೆಯ ಅನುಭವ ಹೊಸದಲ್ಲ. ಬೆಂಗಳೂರಿನಿಂದ ಜೋಲಾರಪೇಟೆಗೆ ರೈಲು 1864ರಲ್ಲಿ ಓಡಿತು. ಕಾಮಸಮುದ್ರದ ಮೇಲೆ ಹಾದುಹೋಗುವ ದಾರಿ ಅದೇ. ಇವತ್ತಿನ ಕಾಂಕ್ರೀಟ್ ಸ್ಲೀಪರ್ ಬರುವ ಮೊದಲು ಹಳಿಗಳ ಕೆಳಗೆ ಮರದ ಸ್ಲೀಪರ್ ಮಲಗಿರುತ್ತಿತ್ತು. ಕುಂಬಾದ ಸ್ಲೀಪರನ್ನು ಗುರುತು ಹಾಕಿ, ಒಂದೊಂದನ್ನೇ ಎಳೆದು, ಅದೇ ಜಾಗಕ್ಕೆ ಹೊಸದನ್ನು ದೂಡುವುದು ಗ್ಯಾಂಗ್‌ಮನ್‌ಗಳ ನಿತ್ಯದ ಕೆಲಸ. ಇಡೀ ದಾರಿ ಒಟ್ಟಿಗೆ ಕೀಳುತ್ತಿರಲಿಲ್ಲ. ಈ ಕ್ರಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಅತ್ತ ಚಿನ್ನದ ಗಣಿಯಲ್ಲಿ, ಪಾತಾಳದ ಸುರಂಗಗಳಿಗೆ ಮೊದಲು ಮರದ ದಿಮ್ಮಿಯ ಆಸರೆ ಕೊಡುತ್ತಿದ್ದರು. ಬಂಡೆ ಸಿಡಿಯುವ ಆಳಕ್ಕೆ ಇಳಿದ ಮೇಲೆ ಕಗ್ಗಲ್ಲಿನ ಗೋಡೆ ಕಟ್ಟಿದರು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಆದರೂ ಫಿಟ್ಟರ್, ವೆಲ್ಡರ್, ಮರಗೆಲಸದವರ ಕೈ ಕೆಜಿಎಫ್‌ನಲ್ಲಿ ಇನ್ನೂ ಉಳಿದಿದೆ. ಟ್ರೇಲರ್ ಕೆಲಸಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ ಎಂದು ಇದನ್ನು ಹೇಳುತ್ತಿದ್ದೇನೆ.

ಮರದ ಆಯ್ಕೆಗೆ ಬರೋಣ. ನಮ್ಮಲ್ಲಿ ಕೈಗೆ ಸುಲಭವಾಗಿ ಸಿಗುವುದು ನೀಲಗಿರಿ. ಜಿಲ್ಲೆಯ ತುಂಬ ಬೆಳೆದಿದ್ದೇವೆ. ಅಂತರ್ಜಲ ಹೀರುತ್ತದೆಂಬ ಕೂಗೆದ್ದು, ಹೊಸದಾಗಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು. ನಿಂತ ಮರ ಇನ್ನೂ ಬೇಕಾದಷ್ಟಿದೆ. ಬೆಲೆ ಕಡಿಮೆ, ಗಟ್ಟಿಯೂ ಹೌದು. ಆದರೆ ಎಳೆಯ ನೀಲಗಿರಿ ಒಣಗುವಾಗ ತಿರುಚುತ್ತದೆ, ತುದಿಯಲ್ಲಿ ಸೀಳುತ್ತದೆ. ಇವತ್ತು ನೇರವಾಗಿದ್ದ ಹಲಗೆ ಮುಂದಿನ ಯುಗಾದಿಗೆ ಹಾವಾಗಿರುತ್ತದೆ. ದೋಣಿಯ ಕೆಳಗೆ ಅದು ಬೇಡ. ಸಿಲ್ವರ್ ಓಕ್ ಪೆಟ್ಟಿಗೆ ಮಾಡಲು ಸರಿ, ಹೊರಗಿನ ತೇವಕ್ಕೆ ತಡೆಯದು. ತೇಗ ಅತ್ಯುತ್ತಮ, ಬೆಲೆ ಕೇಳಿ ಕೈ ಹಿಂದಕ್ಕೆ ಬರುತ್ತದೆ. ಆದರೆ ಬೇಕಾಗಿರುವುದು ಎರಡೇ ಹಲಗೆ. ಹಳೆಯ ಮನೆ ಕೆಡವಿದ ಕಡೆ ತೇಗದ ತೊಲೆ, ಬಾಗಿಲ ಚೌಕಟ್ಟು ಮಾರಾಟಕ್ಕೆ ಬರುತ್ತವೆ. ಐವತ್ತು ವರ್ಷ ಒಣಗಿದ ಮರ ಇನ್ನು ತಿರುಚುವುದಿಲ್ಲ. ಮೊಳೆಗಳನ್ನೆಲ್ಲ ಕಿತ್ತು ಕೊಯ್ಯಿಸಿದರೆ ಅದಕ್ಕಿಂತ ಒಳ್ಳೆಯ ಹಲಗೆ ಬೇರೆ ಸಿಗಲಾರದು. ಮತ್ತಿ, ಹೊನ್ನೆ ಕೂಡ ಆಗುತ್ತದೆ. ಕರಾವಳಿಯವರು ದೋಣಿ ಕಟ್ಟಲು ಹೆಬ್ಬಲಸನ್ನು ನಂಬಿದವರು. ಸಿಕ್ಕರೆ ಬಿಡಬೇಡಿ.

ಯಾವ ಮರವೇ ಆಗಲಿ, ಕೆಚ್ಚು ಕೇಳಿ ತನ್ನಿ. ಹೊರಸುತ್ತಿನ ಬಿಳಿಯ ಭಾಗ ಗೆದ್ದಲಿಗೆ ಹಬ್ಬದೂಟ. ಗಂಟಿಲ್ಲದಿರಲಿ, ನಾರು ಉದ್ದಕ್ಕೆ ನೇರವಾಗಿ ಓಡಿರಲಿ. ನಾನು ಕಂಡ ಮಟ್ಟಿಗೆ ಆಚಾರಿಯನ್ನೇ ಸಾಮಿಲ್ಲಿಗೆ ಕರೆದುಕೊಂಡು ಹೋಗುವುದು ಮೇಲು. ಕಾಮಸಮುದ್ರದ ಕಡೆಯ ಹಿರಿಯ ಆಚಾರಿಯೊಬ್ಬರು ಹಲಗೆಯ ಒಂದು ತುದಿಯನ್ನು ಕೆನ್ನೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು. "ಅಣ್ಣಾ, ಇದು ಬಲಕ್ಕೆ ತಿರುಗ್ತದೆ, ಬೇರೆ ತೆಗಿರಿ" ಅಂದರು. ನನ್ನ ಕಣ್ಣಿಗೆ ಅದು ನೆಟ್ಟಗೇ ಕಂಡಿತ್ತು. ಸಾಮಿಲ್ಲಿನವರು ತಕರಾರಿಲ್ಲದೆ ಬೇರೆ ಹಲಗೆ ಎಳೆದುಕೊಟ್ಟರು. ಆ ಕಣ್ಣಿಗೆ ಅಲ್ಲಿ ಅಷ್ಟು ಬೆಲೆ.

ಮರ ಬಂತು. ಅದಕ್ಕೆ ಏನು ಬಳಿಯುವುದು? ಇವತ್ತಿನ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು.

ಮರ ಕಾಯುವ ರಾಸಾಯನಿಕಗಳಲ್ಲಿ ಜಗತ್ತೆಲ್ಲ ಬಳಸಿದ ಒಂದು ಮಿಶ್ರಣವಿದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ್ದು. ಸಿ.ಸಿ.ಎ. ಎಂದು ಕರೆಯುತ್ತಾರೆ. ಇದನ್ನು ಕಂಡುಹಿಡಿದವರು ನಮ್ಮ ದೇಶದವರೇ, ಸೊಂಟಿ ಕಾಮೇಶಂ. 1933ರಲ್ಲಿ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ. ವಿದ್ಯುತ್ ಕಂಬ, ಬೇಲಿ ಗೂಟ, ಬಂದರಿನ ದಿಮ್ಮಿ ಇವನ್ನೆಲ್ಲ ಅದು ದಶಕಗಳ ಕಾಲ ಉಳಿಸಿತು. ಅದು ದೊಡ್ಡ ಸಾಧನೆ, ಗೌರವದಿಂದಲೇ ನೆನೆಯಬೇಕು. ಆದರೆ ದೋಣಿಯ ಹಲಗೆಗೆ ನಾನು ಅದನ್ನು ಹೇಳುವುದಿಲ್ಲ. ಅದರಲ್ಲಿ ಆರ್ಸೆನಿಕ್ ಇದೆ. ಹಲಗೆ ಪ್ರತಿ ಸಲ ದೋಣಿ ಇಳಿಸುವಾಗ ನೀರಿನಲ್ಲಿ ಮುಳುಗುತ್ತದೆ. ಆ ನೀರು ಯರಗೋಳಿನದಾಗಿದ್ದರೆ ಮೂರು ಪಟ್ಟಣದವರು ಕುಡಿಯುವ ನೀರು. ಕೆರೆಯದಾಗಿದ್ದರೆ ಮೀನಿನ ನೀರು, ಅದು ಇಂಗಿ ಹೋಗುವುದು ನಮ್ಮ ಬೋರ್‌ವೆಲ್‌ಗೆ. ದೋಣಿ ಅಲ್ಯೂಮಿನಿಯಂದಾದರೆ ಇನ್ನೊಂದು ತೊಂದರೆ. ತಾಮ್ರದ ಅಂಶವಿರುವ ಒದ್ದೆ ಮರ ತಾಗಿದ ಕಡೆ ಅಲ್ಯೂಮಿನಿಯಂ ಚುಕ್ಕೆ ಚುಕ್ಕೆಯಾಗಿ ಕೊರೆದುಹೋಗುತ್ತದೆ. ಇನ್ನು ಅಂಥ ಮರದ ಚೂರು ಎಲ್ಲಾದರೂ ಸಿಕ್ಕಿದರೆ ಒಲೆಗೆ ಮಾತ್ರ ಹಾಕಬೇಡಿ. ಹೊಗೆಯೂ ಬೂದಿಯೂ ವಿಷ.

ಅದಕ್ಕಿಂತ ನನಗೆ ಹೆಚ್ಚು ಚಿಂತೆ ಬೇರೆಯೊಂದರದು. ಲಾರಿ, ಟ್ರ್ಯಾಕ್ಟರಿನಿಂದ ತೆಗೆದ ಹಳೆಯ ಕಪ್ಪು ಎಂಜಿನ್ ಆಯಿಲ್ ಇದೆಯಲ್ಲ, ಅದನ್ನು ಮರಕ್ಕೆ ಬಳಿಯುವುದು ನಮ್ಮ ಹಳ್ಳಿಗಳಲ್ಲಿ ರೂಢಿ. ದನದ ಕೊಟ್ಟಿಗೆಯ ತೊಲೆಗೆ ಬಳಿದವರು ದೋಣಿಯ ಹಲಗೆಗೂ ಬಳಿಯುತ್ತಾರೆ. ದಯವಿಟ್ಟು ಬೇಡ. ದೋಣಿ ಇಳಿಸಿದ ಕೂಡಲೇ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡುತ್ತದೆ. ನೋಡಲು ನವಿಲುಗರಿಯ ಹಾಗೆ ಚೆಂದ, ಇರುವುದು ಸೀಸ, ಡಾಂಬರಿನ ಜಾತಿಯ ಕೊಳಕು. ಇಷ್ಟು ವರ್ಷ ಕಾದು, ಬೇಡಿ, ಹೋರಾಡಿ ಪಡೆದ ನೀರು ಇದು. ಎಣ್ಣೆ ಉಳಿತಾಯವಾಯಿತೆಂದು ಅದನ್ನು ಕೆಡಿಸಬಾರದು.

ಹಾಗಾದರೆ ಏನು ಬಳಿಯಬೇಕು? ಕುದಿಸಿದ ಅಗಸೆ ಎಣ್ಣೆ. ಬಣ್ಣದ ಅಂಗಡಿಯಲ್ಲಿ ಲಿನ್‌ಸೀಡ್ ಎಂದು ಕೇಳಿ. ಒಣಗಿದ ಹಲಗೆಗೆ, ಬಿಸಿಲಿನ ದಿನ, ಬಟ್ಟೆಯಿಂದ ತೆಳುವಾಗಿ ಉಜ್ಜಿ. ಒಂದು ಹೊತ್ತು ಬಿಟ್ಟು ಹೀರದೆ ಉಳಿದದ್ದನ್ನು ಒರೆಸಿ. ಎರಡು ಮೂರು ದಿನದ ಅಂತರದಲ್ಲಿ ಮೂರು ಸಲ. ತುದಿಗಳಿಗೆ ಮಾತ್ರ ಕುಡಿಯುವಷ್ಟು ಕುಡಿಸಿ. ಬೋಲ್ಟಿನ ತೂತು ಕೊರೆದ ಮೇಲೆ ಆ ತೂತಿನ ಒಳಗೂ ಸವರಿ. ತೂತನ್ನು ಮರೆತರೆ ಉಳಿದ ಶ್ರಮವೆಲ್ಲ ಅರ್ಧ. ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗುತ್ತದೆ, ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ನೀರಿನಲ್ಲಿ ನೆನೆಸಿ, ಬಯಲಿನಲ್ಲಿ ಬಿಡಿಸಿ ಹರಡಿ ಒಣಗಿಸಿ. ಕರಾವಳಿಯಲ್ಲಿ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಾರೆ. ಮರಕ್ಕೆ ಅದು ಬಹಳ ಒಳ್ಳೆಯದು, ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಬರುತ್ತದೆ. ಅಭ್ಯಾಸವಿಲ್ಲದವರು ಮುಟ್ಟದಿರುವುದು ಕ್ಷೇಮ. ಮರ ಮತ್ತು ಅದರ ರಕ್ಷಣೆಯ ಬಗ್ಗೆ ಹೆಚ್ಚು ತಿಳಿಯಬೇಕಾದವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಕಡಲಿನ ಮರಕೊರಕ ಜೀವಿಗಳ ಮೇಲೂ ಅಲ್ಲಿ ಕೆಲಸ ನಡೆದಿದೆ.

ಕೆಚ್ಚಿನ ಹಲಗೆ ತಂದೆವು. ಅಗಸೆ ಎಣ್ಣೆ ಕುಡಿಸಿದೆವು. ಕೆರೆಗೆ ವಿಷ ಹಾಕಲಿಲ್ಲ. ಇನ್ನು ಕೂರಿಸುವ ಕೆಲಸ.

ಇದನ್ನು ಮಾಡಲು ಸುಲಭವಾದ ದಿನ ದೋಣಿ ನೀರಿನಲ್ಲಿರುವ ದಿನ. ಟ್ರೇಲರ್ ಬರಿದಾಗಿರುತ್ತದೆ. ನೀರಿಲ್ಲದ ಕಾಲದಲ್ಲಾದರೆ ದೋಣಿಯ ಒಂದು ಬದಿಯನ್ನು ಜಾಕಿಯಿಂದ ಸ್ವಲ್ಪವೇ ಎತ್ತಿ, ಹಳೆಯ ಟೈರು, ಮರಳಿನ ಮೂಟೆ ಕೊಟ್ಟು ನಿಲ್ಲಿಸಬೇಕು. ಜಾಕಿಗೂ ದೋಣಿಗೂ ನಡುವೆ ಅಗಲವಾದ ಹಲಗೆ ಇರಲಿ. ಜಾಕಿಯೊಂದನ್ನೇ ನಂಬಿ ದೋಣಿಯ ಕೆಳಗೆ ಯಾರೂ ತಲೆ ಹಾಕಬಾರದು. ರೈಲು ದಾರಿಯ ಕ್ರಮ ನೆನಪಿಡಿ ಎಂದೆನಲ್ಲ. ಇಲ್ಲಿಯೂ ಹಾಗೇ. ಎರಡು ಹಲಗೆಯನ್ನೂ ಒಟ್ಟಿಗೆ ಕೀಳಬೇಡಿ. ಒಂದು ತೆಗೆದು ಹೊಸದು ಕೂರಿಸಿದ ಮೇಲೆ ಇನ್ನೊಂದು. ಉಳಿದ ಹಲಗೆಯೇ ಎತ್ತರಕ್ಕೂ ಇಳಿಜಾರಿಗೂ ಅಳತೆಗೋಲು. ಕೀಳುವ ಮುಂಚೆ ಕಬ್ಬಿಣದ ಪ್ರತಿ ಆಸರೆಯ ಜಾಗಕ್ಕೂ ಬಿಳಿ ಬಣ್ಣದಲ್ಲಿ ಗೆರೆ ಹಾಕಿ.

ಹಳೆಯ ಬೋಲ್ಟು ಬರುವುದಿಲ್ಲ ಎಂಬುದು ಎಲ್ಲರ ಗೋಳು. ತುಕ್ಕು ಬಿಡಿಸುವ ಎಣ್ಣೆ ಹಿಂದಿನ ರಾತ್ರಿಯೇ ಬಿಟ್ಟಿಡಿ. ಆದರೂ ನಟ್ಟಿನ ಜೊತೆ ಬೋಲ್ಟೂ ತಿರುಗುತ್ತಿದ್ದರೆ ಒದ್ದಾಡಬೇಡಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದುಬಿಡಿ. ಹೊಸ ಹಲಗೆಗೆ ಹಳೆಯ ಬೋಲ್ಟು ಹಾಕುವ ಉಳಿತಾಯ ಯಾರಿಗೂ ಒಳ್ಳೆಯದು ಮಾಡಿಲ್ಲ. ಸತುವಿನ ದಪ್ಪ ಲೇಪ ಇರುವ ಗುಂಡುತಲೆಯ ಬೋಲ್ಟು ತನ್ನಿ, ಕೆಳಗೆ ಅಗಲವಾದ ವಾಷರ್. ಬೋಲ್ಟಿನ ತಲೆ ಹಲಗೆಯ ಮೇಲ್ಮೈಗಿಂತ ಕಾಲು ಇಂಚಾದರೂ ಕೆಳಗೆ ಹುದುಗಬೇಕು. ಅದಕ್ಕೆ ಮೊದಲೇ ಬೈರಿಗೆಯಿಂದ ಅಗಲದ ಗುಳಿ ತೋಡಿರಬೇಕು. ಬೆರಳಾಡಿಸಿ ನೋಡಿ. ಬೆರಳಿಗೆ ಲೋಹ ತಾಗಿದರೆ ನಾಳೆ ದೋಣಿಗೂ ತಾಗುತ್ತದೆ.

ಕಾರ್ಪೆಟ್ಟಿನ ಮಾತು ಬೇಗ ಮುಗಿಸುತ್ತೇನೆ. ಮನೆಯ ಹತ್ತಿ ಜಮಖಾನ ಬೇಡ, ನೀರು ಹೀರದ ಪ್ಲಾಸ್ಟಿಕ್ ನೂಲಿನದು ಬೇಕು. ಮೇಲೂ ಎರಡು ಬದಿಗೂ ಸುತ್ತಿ, ಕೆಳಭಾಗವನ್ನು ತೆರೆದೇ ಬಿಡಿ. ನೀರು ಇಳಿಯಲಿ, ಗಾಳಿ ಹೋಗಲಿ. ಪಿನ್ನು ಬದಿಗೆ ಹೊಡೆಯಿರಿ, ಮೇಲೆ ಹೊಡೆಯಬೇಡಿ. ಕೆಲವರು ಕಾರ್ಪೆಟ್ ಬಿಟ್ಟು ನುಣ್ಣನೆಯ ಪ್ಲಾಸ್ಟಿಕ್ ಪಟ್ಟಿ ಹಾಕುತ್ತಾರೆ. ತೇವ ನಿಲ್ಲದು, ಒಳ್ಳೆಯದೇ. ಆದರೆ ದೋಣಿ ಬಲು ಜಾರುತ್ತದೆ. ದೋಣಿಯ ಮೂತಿಯನ್ನು ಹಿಡಿದಿರುವ ವಿಂಚಿನ ಕೊಕ್ಕೆಯನ್ನು ಇಳಿಜಾರಿನಲ್ಲಿ ಮೊದಲೇ ಬಿಚ್ಚಿದರೆ ದೋಣಿ ನೀರು ಮುಟ್ಟುವ ಮೊದಲೇ ಚಪ್ಪಡಿಯ ಮೇಲೆ ಬಿದ್ದಿರುತ್ತದೆ. ದೋಣಿಯ ಹಿಂಭಾಗ ತೇಲಿದ ಮೇಲೆಯೇ ಕೊಕ್ಕೆ ಬಿಚ್ಚಬೇಕು, ಯಾವ ಹಲಗೆಯಾದರೂ ಸರಿ.

ಹಲಗೆ ಕೂತಿತು, ಬೋಲ್ಟು ಹುದುಗಿತು, ಕಾರ್ಪೆಟ್ ಸುತ್ತಿದ್ದಾಯಿತು. ಆದರೆ ನಟ್ಟುಗಳನ್ನು ಈಗಲೇ ಪೂರ್ತಿ ಬಿಗಿಯಬೇಡಿ. ಕೈಬಿಗಿ ಸಾಕು. ದೋಣಿ ಹತ್ತಿಸಿ. ಹಲಗೆ ದೋಣಿಯ ತಳದ ಓರೆಗೆ ತಾನಾಗಿ ಹೊಂದಿಕೊಂಡು ಕೂರುತ್ತದೆ. ದೋಣಿಯ ತಳದಲ್ಲಿ ಉದ್ದಕ್ಕೆ ಒಳಗಿನಿಂದ ಕೊಟ್ಟ ಗಟ್ಟಿ ಏಣುಗಳಿರುತ್ತವೆ. ಹಲಗೆ ಅವುಗಳ ಕೆಳಗೇ ಬಂದಿದೆಯೇ ನೋಡಿ. ಹಲಗೆಗೂ ತಳಕ್ಕೂ ನಡುವೆ ಒಂದು ಹಾಳೆ ತೂರಿಸಿ ಉದ್ದಕ್ಕೂ ಎಳೆಯಿರಿ. ಸಲೀಸಾಗಿ ಹೋದ ಕಡೆ ಆಸರೆ ಇಲ್ಲವೆಂದು ಅರ್ಥ, ಅಲ್ಲಿನ ಕಬ್ಬಿಣದ ಆಸರೆಯನ್ನು ಒಂದಿಷ್ಟು ಏರಿಸಿ. ಆಮೇಲೆ ಸ್ಪಾನರ್ ಹಾಕಿ ಬಿಗಿಯಿರಿ. ಬಂಗಾರಪೇಟೆಯವರೆಗೋ ಬೂದಿಕೋಟೆಯವರೆಗೋ ಒಂದು ಸಲ ಎಳೆದುಕೊಂಡು ಹೋಗಿ ಬಂದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಹೊಸ ಮರ ಭಾರಕ್ಕೆ ಸ್ವಲ್ಪ ಅಮುಕುತ್ತದೆ, ನಟ್ಟು ಸಡಿಲವಾಗುತ್ತದೆ. ಅದಾದ ಮೇಲೆ ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಕುಟ್ಟಿ ನೋಡಿ, ತುದಿಗೆ ಎಣ್ಣೆ ಕೊಡಿ.

ಕೊನೆಗೆ ಒಂದು ಕೆಲಸ ಉಳಿಯಿತು. ಹಲಗೆಯ ಕೆಳಮೈಯಲ್ಲಿ, ಕಾರ್ಪೆಟ್ ಇಲ್ಲದ ಜಾಗದಲ್ಲಿ, ಬಣ್ಣದಿಂದ ಮರದ ಹೆಸರು, ಹಾಕಿದ ತಿಂಗಳು, ವರ್ಷ ಬರೆದಿಡಿ. ದೋಣಿ ಒಂದು ಸಂಘದಿಂದ ಇನ್ನೊಂದು ಸಂಘಕ್ಕೆ, ಒಬ್ಬ ಚಾಲಕನಿಂದ ಇನ್ನೊಬ್ಬನಿಗೆ ಕೈ ಬದಲಾಗುತ್ತಿರುತ್ತದೆ. ಮುಂದೆ ಬಗ್ಗಿ ನೋಡುವವರಿಗೆ ಯಾವ ಮರ, ಎಷ್ಟು ವರ್ಷದ್ದು ಎಂದು ಅದೇ ಹೇಳಲಿ.